ಕಡಿಮೆ ದರ ನಮ್ಮದೇ ಇತ್ತು, ಟೆಂಡರ್ ಬೇರೆಯವರಿಗೆ ಹೋಯಿತು. ಈಗ ಏನು ಮಾಡಬಹುದು?

ಪ್ರಶ್ನೆ: ಹಾವೇರಿ ಜಿಲ್ಲೆಯಲ್ಲಿ ಸ್ಟೀಲ್ ಮಂಚ, ಕಪಾಟು, ಡೆಸ್ಕ್ ತಯಾರಿಸುವ ಸಣ್ಣ ಘಟಕ ನಡೆಸುತ್ತಿದ್ದೇನೆ. ಒಂಬತ್ತು ಜನ ಕೆಲಸಕ್ಕಿದ್ದಾರೆ. ವಿದ್ಯಾರ್ಥಿ ನಿಲಯಗಳಿಗೆ ಎರಡಂತಸ್ತಿನ ಮಂಚ ಪೂರೈಸುವ ರಾಜ್ಯ ಸರ್ಕಾರದ ಟೆಂಡರ್ ಒಂದಕ್ಕೆ ಹಾಕಿದ್ದೆ. ಅಂದಾಜು ಮೊತ್ತ 38 ಲಕ್ಷ. ನನ್ನ ದರ 31.4 ಲಕ್ಷ. ಗೆದ್ದವರ ದರ 36.9 ಲಕ್ಷ. ನನ್ನನ್ನು ತಾಂತ್ರಿಕ ಹಂತದಲ್ಲೇ ಕೈಬಿಟ್ಟರು. ಎರಡು ಕಾರಣ ಕೊಟ್ಟಿದ್ದಾರೆ. ಒಂದು, ಸಿ.ಎ. ಕೊಟ್ಟ ವಹಿವಾಟು ಪ್ರಮಾಣಪತ್ರದಲ್ಲಿ ಯು.ಡಿ.ಐ.ಎನ್. ಸಂಖ್ಯೆ ಇಲ್ಲ. ಇನ್ನೊಂದು, ಒಂದೇ ಆದೇಶದಲ್ಲಿ 20 ಲಕ್ಷದ ಪೂರೈಕೆ ಮಾಡಿದ ಅನುಭವ ಇಲ್ಲ. ನಾನು 12 ಲಕ್ಷ ಮತ್ತು 11 ಲಕ್ಷದ ಎರಡು ಆದೇಶ ಮುಗಿಸಿದ್ದೇನೆ. ಮಂಚದ ವಿವರಣೆ ಕೂಡ ಒಂದು ಕಂಪನಿಯ ಕ್ಯಾಟಲಾಗ್ ನೋಡಿ ಬರೆದಂತಿತ್ತು. ಕಡಿಮೆ ದರದವರಿಗೇ ಕೊಡಬೇಕು ಅನ್ನುವುದು ಕಾನೂನಲ್ಲವೇ? ಸಣ್ಣ ಉದ್ಯಮಗಳಿಗೆ ಕೇಂದ್ರ ಕೊಡುವ ಉದ್ಯಮ್ ನೋಂದಣಿ ಇದ್ದರೂ ಇ.ಎಂ.ಡಿ. (ಟೆಂಡರ್ ಜೊತೆ ಇಡುವ ಠೇವಣಿ) ಕಟ್ಟಿಸಿಕೊಂಡರು, ಅದು ಸರಿಯೇ? ಹೈಕೋರ್ಟ್‌ಗೆ ಹೋಗಬಹುದೇ? ಗೆಳೆಯರೊಬ್ಬರು, 'ಮುಂದಿನ ಸಲ ನಾಲ್ಕು ಜನ ಮಾತಾಡಿಕೊಂಡು ಹಾಕೋಣ, ಸರದಿ ಪ್ರಕಾರ ಹಂಚಿಕೊಳ್ಳೋಣ' ಅನ್ನುತ್ತಿದ್ದಾರೆ. ಟೆಂಡರ್ ಅಂಗೀಕಾರದ ಆದೇಶ ಬಂದು ಒಂಬತ್ತು ದಿನ ಆಗಿದೆ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಒಂಬತ್ತು ದಿನ ಆಗಿದೆ ಅಂದಿರಿ. ಅಂದರೆ ನಿಮ್ಮ ಕೈಯಲ್ಲಿ ಇನ್ನು 21 ದಿನ ಇದೆ. ಸರ್ಕಾರಿ ಖರೀದಿಯ ಪಾರದರ್ಶಕತೆಗೆಂದು ಇರುವ ಕರ್ನಾಟಕದ ಕೆ.ಟಿ.ಪಿ.ಪಿ. ಕಾಯ್ದೆಯ 16ನೇ ಕಲಂ ಪ್ರಕಾರ ಮೇಲ್ಮನವಿ ಸಲ್ಲಿಸಲು ಆದೇಶ ಕೈಸೇರಿದ ದಿನದಿಂದ 30 ದಿನದ ಅವಕಾಶ. ಈ ಉತ್ತರ ಪೂರ್ತಿ ಓದುವ ಮೊದಲೇ ಕ್ಯಾಲೆಂಡರ್‌ನಲ್ಲಿ ಆ ದಿನಕ್ಕೆ ಗುರುತು ಹಾಕಿಕೊಳ್ಳಿ. ಮೇಲ್ಮನವಿ ಹಾಕಬೇಕೋ ಬೇಡವೋ ಆಮೇಲೆ ನೋಡೋಣ.

ನಾನು 27 ವರ್ಷ ಸರ್ಕಾರಿ ಖರೀದಿಯ ಕೆಲಸದಲ್ಲಿದ್ದೆ. ಅದರಲ್ಲಿ ಬಹಳ ವರ್ಷ ಟೆಂಡರ್ ಪರಿಶೀಲನಾ ಸಮಿತಿಗಳಲ್ಲಿ ಕೂತಿದ್ದೇನೆ. ನಿಮ್ಮಂಥ ಸಣ್ಣ ಘಟಕಗಳ ಕಡತಗಳನ್ನು ಪಕ್ಕಕ್ಕಿಟ್ಟ ಕೈಗಳಲ್ಲಿ ನನ್ನದೂ ಒಂದು. ಒಳ್ಳೆಯ ಸಾಮಾನು ಮಾಡುವವರು ಒಂದು ಕಾಗದದ ಕೊರತೆಗೆ ಹೊರಗೆ ಹೋಗುವುದನ್ನು ನೋಡಿ ಬೇಜಾರಾದದ್ದು ಎಷ್ಟೋ ಸಲ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ನಿಮ್ಮ ಲೆಕ್ಕದ ಪ್ರಕಾರ ಸರ್ಕಾರಕ್ಕೆ 5.5 ಲಕ್ಷ ಜಾಸ್ತಿ ಖರ್ಚಾಗಿದೆ. ಅದು ಜನರ ದುಡ್ಡು. ಹಾಗಂತ ಕಾನೂನು ನಿಮ್ಮ ಪರವಾಗಿದೆ ಎಂದು ನಾನು ಹೇಳಿಬಿಟ್ಟರೆ ನಿಮಗೆ ಮೋಸ ಮಾಡಿದಂತಾಗುತ್ತದೆ.

'ಕಡಿಮೆ ದರ' ಅಂದರೆ ಯಾರ ನಡುವೆ ಕಡಿಮೆ?

ಬಹಳ ಜನರ ತಲೆಯಲ್ಲಿ ಕೂತಿರುವ ತಪ್ಪು ತಿಳಿವಳಿಕೆ ಇದು. ಕಡಿಮೆ ದರದವರಿಗೆ ಕೊಡಬೇಕು ಅನ್ನುವುದು ಅರ್ಧ ಸತ್ಯ. ಟೆಂಡರ್ ದಾಖಲೆಯಲ್ಲಿ ಮೊದಲೇ ಹೇಳಿದ ಅಳತೆಗೋಲುಗಳನ್ನು ದಾಟಿ ಬಂದವರಲ್ಲಿ ಕಡಿಮೆ ದರ ಯಾರದೋ ಅವರಿಗೆ ಕೊಡಬೇಕು ಅನ್ನುವುದು ಪೂರ್ತಿ ಸತ್ಯ. 13ನೇ ಕಲಂ ಹೇಳುವುದೂ ಅದನ್ನೇ.

ನಿಮ್ಮದು ಎರಡು ಲಕೋಟೆ ಪದ್ಧತಿಯ ಟೆಂಡರ್. ಮೊದಲ ಲಕೋಟೆಯಲ್ಲಿ ಅರ್ಹತೆ ಮತ್ತು ತಾಂತ್ರಿಕ ದಾಖಲೆ. ಎರಡನೆಯದರಲ್ಲಿ ದರ. ಈಗ ಎಲ್ಲವೂ ಆನ್‌ಲೈನ್, ಕಾಗದದ ಲಕೋಟೆ ಇಲ್ಲ. ಆದರೆ ಮಾತು ಹಾಗೇ ಉಳಿದಿದೆ. ಮೊದಲನೆಯದು ಪಾಸಾಗದಿದ್ದರೆ ಎರಡನೆಯದನ್ನು ತೆರೆಯುವುದೇ ಇಲ್ಲ. ಅಂದರೆ ಸಮಿತಿಯ ಮುಂದೆ ನಿಮ್ಮ 31.4 ಲಕ್ಷ ಬರಲೇ ಇಲ್ಲ. ಕಡಿಮೆ ದರ ನೋಡಿಯೂ ಬಿಟ್ಟರು ಅಂತ ನೀವು ಬರೆದರೆ ನಿಮ್ಮ ಮೇಲ್ಮನವಿ ಮೊದಲ ವಾಕ್ಯದಲ್ಲೇ ಕುಸಿಯುತ್ತದೆ. ಅವರು ನೋಡಿಲ್ಲ. ನಿಮ್ಮ ವಾದ ದರದ ಮೇಲೆ ಇರಬಾರದು, ನಿಮ್ಮನ್ನು ಅನರ್ಹ ಮಾಡಿದ ಕಾರಣದ ಮೇಲೆ ಇರಬೇಕು.

ಕೊಟ್ಟ ಎರಡು ಕಾರಣಗಳ ತೂಕ ಒಂದೇ ಅಲ್ಲ.

ಯು.ಡಿ.ಐ.ಎನ್. ಅಂದರೆ ಸಿ.ಎ. ಕೊಡುವ ಪ್ರತಿ ಪ್ರಮಾಣಪತ್ರಕ್ಕೂ ಇರುವ 18 ಅಂಕಿಗಳ ಗುರುತಿನ ಸಂಖ್ಯೆ. 2019ರ ಫೆಬ್ರುವರಿಯಿಂದ ಕಡ್ಡಾಯ. ನಕಲಿ ಸಿ.ಎ. ಸಹಿಗಳ ಹಾವಳಿ ತಡೆಯಲು ಬಂದ ವ್ಯವಸ್ಥೆ ಅದು. ಸಂಖ್ಯೆ ಹಾಕಿ ನೋಡಿದರೆ ಪ್ರಮಾಣಪತ್ರ ಅಸಲಿಯೋ ಅಲ್ಲವೋ ಗೊತ್ತಾಗುತ್ತದೆ. ನಿಮ್ಮ ಸಿ.ಎ. ಟೆಂಡರ್ ಕೊನೆಯ ದಿನಕ್ಕಿಂತ ಮೊದಲೇ ಆ ಸಂಖ್ಯೆ ಸೃಷ್ಟಿಸಿದ್ದು, ಕಾಗದದ ಮೇಲೆ ಬರೆಯಲು ಮಾತ್ರ ಮರೆತಿದ್ದರೆ ಇದು ಸಣ್ಣ ಲೋಪ. ವಿವರಣೆ ಕೇಳಿದ್ದರೆ ಸರಿಹೋಗುತ್ತಿತ್ತು ಎಂದು ವಾದಿಸಬಹುದು. ಆಗಲೇ ಇದ್ದ ಸಂಗತಿಯನ್ನು ತೋರಿಸುವುದು ಬೇರೆ, ಇಲ್ಲದ್ದನ್ನು ಆಮೇಲೆ ಹುಟ್ಟಿಸುವುದು ಬೇರೆ. ಸಮಿತಿಗಳಲ್ಲಿ ನಾವು ಗೆರೆ ಎಳೆಯುತ್ತಿದ್ದದ್ದು ಅಲ್ಲೇ. ಹಾಗಾಗಿ ಇವತ್ತೇ ಸಿ.ಎ. ಹತ್ತಿರ ಕೇಳಿ, ಆ ಸಂಖ್ಯೆ ಯಾವ ದಿನಾಂಕದ್ದು? ಟೆಂಡರ್ ಮುಗಿದ ಮೇಲಿನದಾದರೆ ಈ ವಾದವನ್ನು ಕೈಬಿಡಿ.

ಎರಡನೇ ಕಾರಣ ಗಟ್ಟಿ. 'ಒಂದೇ ಆದೇಶದಲ್ಲಿ 20 ಲಕ್ಷ' ಎಂದು ದಾಖಲೆಯಲ್ಲಿ ಸ್ಪಷ್ಟವಾಗಿ ಬರೆದಿದ್ದರೆ 12 ಮತ್ತು 11 ಕೂಡಿಸಿ 23 ಆಗುತ್ತದೆ ಅನ್ನುವ ಲೆಕ್ಕ ನಡೆಯುವುದಿಲ್ಲ. ನಿಮಗೊಬ್ಬರಿಗೆ ಸಡಿಲಿಸಿದರೆ, ಆ ಷರತ್ತು ಓದಿ ಸುಮ್ನೆ ಮನೆಯಲ್ಲಿ ಕೂತ ಇನ್ನೊಬ್ಬ ತಯಾರಕನಿಗೆ ಅನ್ಯಾಯ. ನಾನೂ ಅರ್ಹನಿರಲಿಲ್ಲ, ಸಡಿಲಿಸುತ್ತಾರೆ ಅಂತ ಗೊತ್ತಿದ್ದರೆ ನಾನೂ ಹಾಕುತ್ತಿದ್ದೆ ಎಂದು ಅವನು ಕೇಳಿದರೆ ಉತ್ತರವಿಲ್ಲ.

ಇದು ನನ್ನ ಕಲ್ಪನೆಯಲ್ಲ. ಸುಪ್ರೀಂ ಕೋರ್ಟ್ ಮುಂದೆ ಇದೇ ವಾದ ಬಂದಿತ್ತು. 1979ರ ರಮಣ ದಯಾರಾಮ್ ಶೆಟ್ಟಿ ಪ್ರಕರಣ. ಮುಂಬೈ ವಿಮಾನ ನಿಲ್ದಾಣದಲ್ಲಿ ಒಂದು ಉಪಾಹಾರ ಗೃಹ, ಎರಡು ತಿಂಡಿ ಅಂಗಡಿ ನಡೆಸಲು ಟೆಂಡರ್ ಕರೆದಿದ್ದರು. ನೋಂದಾಯಿತ ಎರಡನೇ ದರ್ಜೆಯ ಹೋಟೆಲ್ ಉದ್ಯಮಿಯಾಗಿರಬೇಕು, ಕನಿಷ್ಠ 5 ವರ್ಷ ಅನುಭವ ಇರಬೇಕು ಎಂಬ ಷರತ್ತಿತ್ತು. ಆ ಷರತ್ತಿಗೆ ಹೊಂದದವರಿಗೇ ಗುತ್ತಿಗೆ ಸಿಕ್ಕಿತು. ಸರ್ಕಾರಿ ಸಂಸ್ಥೆ ತಾನೇ ಹಾಕಿದ ಅರ್ಹತೆಯ ಗೆರೆಯನ್ನು ತಾನೇ ದಾಟುವಂತಿಲ್ಲ ಎಂದು ಕೋರ್ಟ್ ಹೇಳಿತು. ಇವತ್ತಿಗೂ ಟೆಂಡರ್ ವಿವಾದಗಳಲ್ಲಿ ವಕೀಲರು ಮೊದಲು ತೆಗೆಯುವ ತೀರ್ಪುಗಳಲ್ಲಿ ಇದೂ ಒಂದು.

ಆದರೆ ಆ ಪ್ರಕರಣದ ಕೊನೆ ಬಹಳ ಜನರಿಗೆ ಗೊತ್ತಿಲ್ಲ. ತತ್ವದಲ್ಲಿ ಗೆದ್ದ ಅರ್ಜಿದಾರರಿಗೆ ಏನೂ ಸಿಗಲಿಲ್ಲ. ಅವರು ಕೋರ್ಟಿಗೆ ಬರಲು ಐದು ತಿಂಗಳಿಗೂ ಹೆಚ್ಚು ತಡ ಮಾಡಿದ್ದರು. ಅಷ್ಟರಲ್ಲಿ ಗುತ್ತಿಗೆ ಪಡೆದವರು ದುಡ್ಡು ಸುರಿದು ಕೆಲಸ ಶುರು ಮಾಡಿಯಾಗಿತ್ತು. ಕೋರ್ಟ್ ಗುತ್ತಿಗೆಯನ್ನು ರದ್ದು ಮಾಡಲಿಲ್ಲ.

ನಿಮ್ಮ ಕ್ಯಾಲೆಂಡರ್ ಬಗ್ಗೆ ಮೊದಲೇ ಹೇಳಿದ್ದು ಇದಕ್ಕೇ.

ಕ್ಯಾಟಲಾಗ್‌ನಂಥ ವಿವರಣೆ, ಯಾಕೆ ಹೀಗಾಗುತ್ತದೆ

ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿದ್ದು ಈ ಮಾತು. ಎಲ್ಲಾ ಸಲವೂ ಇದರ ಹಿಂದೆ ಲಂಚ ಇರುತ್ತದೆ ಎಂದು ಜನ ನಂಬುತ್ತಾರೆ. ಕೆಲವು ಸಲ ಇರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ನಾನು ಕಂಡ ಹಾಗೆ ದೊಡ್ಡ ಕಾರಣ ಆತುರ ಮತ್ತು ಭಯ.

ಹೇಗೆ ನಡೆಯುತ್ತದೆ ಕೇಳಿ. ಅನುದಾನ ಬಿಡುಗಡೆಯಾಗುವುದೇ ತಡ. ಮಾರ್ಚ್ 31ರೊಳಗೆ ಖರ್ಚಾಗದಿದ್ದರೆ ದುಡ್ಡು ವಾಪಸ್. ಜನವರಿಯಲ್ಲಿ ಕಡತ ಮೇಜಿಗೆ ಬರುತ್ತದೆ. ಮಂಚದ ಬಗ್ಗೆ ತಿಳಿದ ಎಂಜಿನಿಯರ್ ಕಚೇರಿಯಲ್ಲಿ ಇರುವುದಿಲ್ಲ. ಹಾಗಾಗಿ ಗುಮಾಸ್ತರು ಪಕ್ಕದ ಜಿಲ್ಲೆಯ ಹಳೇ ಟೆಂಡರ್ ದಾಖಲೆ ತರಿಸುತ್ತಾರೆ, ಇಲ್ಲವೇ ಅಂದಾಜು ದರಕ್ಕೆಂದು ಕಂಪನಿಯೊಂದರಿಂದ ಕೊಟೇಶನ್ ತರಿಸುತ್ತಾರೆ. ಕೊಟೇಶನ್ ಜೊತೆ ಬಂದ ವಿವರಣೆಯ ಹಾಳೆಯೇ ಟೆಂಡರ್‌ನ ವಿವರಣೆ ಆಗಿಬಿಡುತ್ತದೆ. 20 ಲಕ್ಷದ ಒಂದೇ ಆದೇಶದ ಷರತ್ತೂ ಹಾಗೇ ಎಲ್ಲಿಂದಲೋ ಬಂದು ಕೂತಿರುತ್ತದೆ.

ನನ್ನದೇ ಅನುಭವ ಹೇಳುತ್ತೇನೆ. ಒಂದು ಕಚೇರಿಯಲ್ಲಿ ನೀರು ಶುದ್ಧೀಕರಣ ಯಂತ್ರದ ಟೆಂಡರ್ ಕರಡಿಗೆ ನಾನು ಸಹಿ ಹಾಕಿದ್ದೆ. ಯಂತ್ರದ ತೂಕ ಇಷ್ಟೇ ಕಿಲೋ ಇರಬೇಕು ಎಂದು ದಶಾಂಶದ ಸಮೇತ ಅದರಲ್ಲಿ ಬರೆದಿತ್ತು. ನಾನು ಗಮನಿಸಲಿಲ್ಲ. ಶುದ್ಧ ನೀರಿಗೂ ಯಂತ್ರದ ತೂಕಕ್ಕೂ ಏನು ಸಂಬಂಧ? ಒಬ್ಬ ಸಣ್ಣ ವ್ಯಾಪಾರಿ ಒಂದು ಪುಟದ ಪತ್ರ ಬರೆದು ಇದನ್ನೇ ಕೇಳಿದರು. ಯಾರನ್ನೂ ದೂರಲಿಲ್ಲ. 'ಈ ತೂಕ ಯಾವ ಗುಣಮಟ್ಟವನ್ನು ಅಳೆಯುತ್ತದೆ ತಿಳಿಸಿ' ಅಂತ ಮಾತ್ರ ಬರೆದಿದ್ದರು. ಕಡತದಲ್ಲಿ ಆ ಪ್ರಶ್ನೆಗೆ ಉತ್ತರ ಬರೆಯಲು ನಮ್ಮಿಂದ ಆಗಲಿಲ್ಲ. ಎರಡೇ ದಿನದಲ್ಲಿ ತಿದ್ದುಪಡಿ ಹೊರಡಿಸಿದೆವು.

ಆ ಪತ್ರ ಟೆಂಡರ್ ತೆರೆಯುವ ಮೊದಲು ಬಂತು ಅನ್ನುವುದೇ ಮುಖ್ಯ. ತೆರೆದ ಮೇಲೆ ಬಂದಿದ್ದರೆ ನಾವೂ ಒಪ್ಪುತ್ತಿರಲಿಲ್ಲ. ಆಗ ವಿವರಣೆ ಬದಲಿಸಿದರೆ ಯಾರಿಗೋ ಲಾಭ, ಯಾರಿಗೋ ನಷ್ಟ ಆಗಿಯೇ ಆಗುತ್ತದೆ. ಆಡಿಟ್ ಆಕ್ಷೇಪಣೆ, ಲೋಕಾಯುಕ್ತ ದೂರು, ಎಲ್ಲದರ ಭಯ. ಅಧಿಕಾರಿಗೆ ಅತ್ಯಂತ ಸುರಕ್ಷಿತ ದಾರಿ ಅಂದರೆ ದಾಖಲೆಯಲ್ಲಿ ಇದ್ದದ್ದನ್ನು ಅಕ್ಷರಕ್ಕೆ ಅಕ್ಷರ ಪಾಲಿಸುವುದು. ನಿಮ್ಮ ಯು.ಡಿ.ಐ.ಎನ್. ವಿಷಯದಲ್ಲೂ ಅದೇ ಆಗಿರಬಹುದು.

ನಿಯಮ ಹೇಗಿದೆ ಎಂದರೆ, ಟೆಂಡರ್ ತೆರೆಯುವ ಮೊದಲು ಯಾರು ಬೇಕಾದರೂ ಸ್ಪಷ್ಟೀಕರಣ ಕೇಳಬಹುದು. ಕಚೇರಿ ದಾಖಲೆಯನ್ನು ತಿದ್ದಬಹುದು. ತಿದ್ದಿದರೆ ಎಲ್ಲರಿಗೂ ತಿಳಿಸಬೇಕು. ಈ ಕಿಟಕಿ ಕೆಲವೇ ದಿನ ತೆರೆದಿರುತ್ತದೆ. ದೊಡ್ಡ ಕಂಪನಿಗಳು ಇದನ್ನು ಪೂರ್ತಿ ಬಳಸಿಕೊಳ್ಳುತ್ತವೆ, ಟೆಂಡರ್ ಹಾಕುವ ಮೊದಲು ನಡೆಯುವ ಪ್ರೀ-ಬಿಡ್ ಸಭೆಗೆ ಇಬ್ಬರನ್ನು ಕಳಿಸುತ್ತವೆ. ಸಣ್ಣ ಘಟಕದವರು ಬರುವುದೇ ಇಲ್ಲ. ಕೇಳಿದರೆ ಸಾಹೇಬರಿಗೆ ಸಿಟ್ಟು ಬರುತ್ತದೇನೋ ಅನ್ನುವ ಅಂಜಿಕೆ. ದಾಖಲೆ ಇಂಗ್ಲಿಷ್‌ನಲ್ಲಿ 80 ಪುಟ ಇದ್ದರೆ ಓದುವವರು ಯಾರು? ಇದು ನಿಜವಾದ ತೊಂದರೆ. ಕನ್ನಡದಲ್ಲಿ ಕೆಲಸ ಮಾಡುವ ತಯಾರಕರಿಗೆ ಕನ್ನಡ ಸರ್ಕಾರ ಕರೆಯುವ ಟೆಂಡರ್ ಕನ್ನಡದಲ್ಲಿ ಓದಲು ಸಿಗಬೇಕು ಎಂದು ನಾನು ಸೇವೆಯಲ್ಲಿದ್ದಾಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

'ಒಂದೇ ಆದೇಶದಲ್ಲಿ 20 ಲಕ್ಷ ಎಂಬುದರ ಬದಲು, ಮೂರು ವರ್ಷಗಳಲ್ಲಿ ಒಟ್ಟು ಇಷ್ಟು ಮಂಚ ಪೂರೈಸಿರಬೇಕು ಎಂದು ತಿದ್ದಲು ಕೋರಿಕೆ' ಎಂದು ನೀವು ಆಗಲೇ ಒಂದು ಪತ್ರ ಬರೆದಿದ್ದರೆ? ಒಪ್ಪುತ್ತಿದ್ದರು ಎಂಬ ಖಾತ್ರಿಯಿಲ್ಲ. ಆದರೆ ನಿಮ್ಮ ಆಕ್ಷೇಪಣೆ ಕಡತದಲ್ಲಿ ಇರುತ್ತಿತ್ತು. ಈಗ ಮೇಲ್ಮನವಿಯಲ್ಲಿ ಷರತ್ತೇ ತಪ್ಪು ಅಂದರೆ, ಮೊದಲೇ ಯಾಕೆ ಹೇಳಲಿಲ್ಲ, ಒಪ್ಪಿಕೊಂಡು ತಾನೇ ಹಾಕಿದ್ದು ಎಂಬ ಪ್ರಶ್ನೆ ಬಂದೇ ಬರುತ್ತದೆ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಉದ್ಯಮ್ ಮತ್ತು ಇ.ಎಂ.ಡಿ.

ಇಲ್ಲಿ ಎರಡು ಸರ್ಕಾರಗಳ ನಿಯಮ ಕಲಸಿಹೋಗಿದೆ. ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಇ.ಎಂ.ಡಿ. ವಿನಾಯಿತಿ ಕೊಡುವುದು ಕೇಂದ್ರದ 2012ರ ಖರೀದಿ ನೀತಿ. ಕೇಂದ್ರದ ಸಚಿವಾಲಯಗಳು, ಇಲಾಖೆಗಳು, ಕೇಂದ್ರದ ಸಾರ್ವಜನಿಕ ಉದ್ದಿಮೆಗಳಿಗೆ ಅದು ಅನ್ವಯ. ರಾಜ್ಯದ ಕಚೇರಿಗೆ ಅದು ತಾನಾಗಿಯೇ ಅನ್ವಯ ಆಗುವುದಿಲ್ಲ. ರಾಜ್ಯದ ಟೆಂಡರ್‌ನಲ್ಲಿ ವಿನಾಯಿತಿ ಇದೆಯೋ ಇಲ್ಲವೋ ಎಂದು ಆ ಟೆಂಡರ್ ದಾಖಲೆಯಲ್ಲೇ ನೋಡಬೇಕು. ದಾಖಲೆಯಲ್ಲಿ ಇಲ್ಲದಿದ್ದರೆ ಅವರು ಕಟ್ಟಿಸಿಕೊಂಡದ್ದು ತಪ್ಪಲ್ಲ. ಉದ್ಯಮ್ ಪತ್ರ ಲಗತ್ತಿಸಿ ಇ.ಎಂ.ಡಿ. ಕಟ್ಟದೆ ಹೊರಬಿದ್ದವರನ್ನು ನಾನು ಬಹಳ ನೋಡಿದ್ದೇನೆ. ನೀವು ಕಟ್ಟಿದ್ದು ಒಳ್ಳೆಯದಾಯಿತು.

ಇಷ್ಟು ಗೊಂದಲ ಯಾಕೆ ಅಂದರೆ, ಇಡೀ ದೇಶಕ್ಕೆ ಒಂದೇ ಖರೀದಿ ಕಾನೂನು ಇಲ್ಲ. ತಮಿಳುನಾಡು 1998ರಲ್ಲಿ, ಕರ್ನಾಟಕ 1999ರಲ್ಲಿ ತಮ್ಮ ಕಾಯ್ದೆ ಮಾಡಿದವು. ನಮ್ಮ ನಿಯಮಗಳು 2000ದಲ್ಲಿ ಬಂದವು. ಸಂಸತ್ತಿನಲ್ಲಿ 2012ರಲ್ಲಿ ಮಂಡಿಸಿದ ಖರೀದಿ ಮಸೂದೆ ಕಾನೂನಾಗಲಿಲ್ಲ. ಕೇಂದ್ರದ ಇಲಾಖೆಗಳು ಇವತ್ತಿಗೂ ನಡೆಯುವುದು 2017ರ ಸಾಮಾನ್ಯ ಹಣಕಾಸು ನಿಯಮ, ಅಂದರೆ ಜಿ.ಎಫ್.ಆರ್. ಪ್ರಕಾರ. ಹಾಗಾಗಿ ಯಾರಾದರೂ ಒಂದು ನಿಯಮ ಹೇಳಿದರೆ, ಯಾವ ಸರ್ಕಾರದ್ದು ಎಂದು ಮೊದಲು ಕೇಳಿ.

ಈ ವ್ಯತ್ಯಾಸದಲ್ಲಿ ನಿಮಗೊಂದು ಲಾಭವೂ ಇದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಈಗಿರುವ ದಾರಿಗಳು

ಮೊದಲನೆಯದು, ಕಡತ ನೋಡುವುದು. ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ತಾಂತ್ರಿಕ ಮೌಲ್ಯಮಾಪನದ ವರದಿ, ಪರಿಶೀಲನಾ ಸಮಿತಿಯ ನಡಾವಳಿ ಮತ್ತು ಗೆದ್ದವರ ಅನುಭವ ಪ್ರಮಾಣಪತ್ರದ ಪ್ರತಿ ಕೇಳಿ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ ಮೇಲೆ, 150 ಪದಗಳ ಒಳಗೆ ಇರಬೇಕು. ಕಥೆ ಬರೆಯಬೇಡಿ. ಉತ್ತರ ಕೊಡಲು ಅವರಿಗೂ 30 ದಿನ ಇದೆ. ಅಂದರೆ ಉತ್ತರಕ್ಕೆ ಕಾಯುತ್ತಾ ಕೂತರೆ ನಿಮ್ಮ ಮೇಲ್ಮನವಿಯ ಗಡುವು ಮುಗಿದುಹೋಗುತ್ತದೆ. ಎಷ್ಟೋ ಜನ ಎಡವುವುದು ಇಲ್ಲೇ. ಅರ್ಜಿ ಇವತ್ತು ಹಾಕಿ, ಜೊತೆಗೇ ಕಚೇರಿಗೆ ಒಂದು ಪತ್ರ ಕೊಟ್ಟು ನಿಮ್ಮನ್ನು ಅನರ್ಹಗೊಳಿಸಿದ ಟಿಪ್ಪಣಿಯ ಪ್ರತಿ ನೇರವಾಗಿ ಕೇಳಿ. ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ನೀವು ಹುಡುಕಬೇಕಾದದ್ದು ಒಂದೇ ಸಂಗತಿ. ನಿಮಗೆ ಹಿಡಿದ ಅಳತೆಗೋಲನ್ನೇ ಗೆದ್ದವರಿಗೂ ಹಿಡಿದಿದ್ದಾರಾ? ಅವರ ಸಿ.ಎ. ಪತ್ರದಲ್ಲಿ ಯು.ಡಿ.ಐ.ಎನ್. ಇದೆಯಾ? ಅವರ 20 ಲಕ್ಷದ ಆದೇಶ ಮಂಚದ್ದೋ, ಇಲ್ಲಾ ಬೇರೆ ಸಾಮಾನಿನದೋ? ಪೂರೈಕೆ ಮುಗಿದ ಪ್ರಮಾಣಪತ್ರ ಇದೆಯೋ, ಬರೀ ಆದೇಶದ ಪ್ರತಿ ಇದೆಯೋ? ಇಲ್ಲಿ ವ್ಯತ್ಯಾಸ ಸಿಕ್ಕರೆ ನಿಮ್ಮ ಮೇಲ್ಮನವಿಗೆ ಜೀವ ಬರುತ್ತದೆ. ಸಿಗದಿದ್ದರೆ, ಅನುಭವದ ಷರತ್ತು ಒಂದೇ ಸಾಕು ನಿಮ್ಮನ್ನು ಹೊರಗಿಡಲು.

ಎರಡನೆಯದು 16ನೇ ಕಲಂ ಮೇಲ್ಮನವಿ. ಖರ್ಚು ಕಡಿಮೆ. ಎರಡು ಪುಟದಲ್ಲಿ ಬರೆಯಿರಿ. ದಿನಾಂಕ, ಷರತ್ತಿನ ಸಂಖ್ಯೆ, ನೀವು ಕೊಟ್ಟ ದಾಖಲೆ, ಗೆದ್ದವರ ದಾಖಲೆಯಲ್ಲಿ ಕಂಡ ಕೊರತೆ. ಭ್ರಷ್ಟಾಚಾರ ಎಂಬ ಪದ ಪುರಾವೆ ಇಲ್ಲದೆ ಬಳಸಬೇಡಿ. ಬಳಸಿದ ಕೂಡಲೇ ಎಲ್ಲರೂ ಒಂದಾಗಿ ಕಡತವನ್ನು ಕಾಪಾಡಲು ನಿಲ್ಲುತ್ತಾರೆ, ನಿಮ್ಮ ನಿಜವಾದ ಅಂಶ ಹಿಂದೆ ಬೀಳುತ್ತದೆ. ಆದೇಶ ತಡವಾದರೆ ಮಂಚಗಳು ಹಾಸ್ಟೆಲ್ ಸೇರಿಬಿಡಬಹುದು, ಆಗ ಗೆದ್ದರೂ ಕೈಗೆ ಏನೂ ಬರದು. ಅದಕ್ಕಾಗಿ ಮೇಲ್ಮನವಿ ಜೊತೆಗೇ ತಡೆಯಾಜ್ಞೆಯನ್ನೂ ಕೋರಿ.

ಹೈಕೋರ್ಟ್ ಮೂರನೆಯದು. ಹಾವೇರಿಯವರಾದ್ದರಿಂದ ನಿಮಗೆ ಧಾರವಾಡ ಪೀಠ. ಹೋಗಬಹುದು, ಆದರೆ ಮೇಲ್ಮನವಿಯ ದಾರಿ ಇರುವಾಗ ಮೊದಲು ಆ ಮೇಲ್ಮನವಿಯನ್ನೇ ಹಾಕಿ ಎಂದು ಕೋರ್ಟ್ ಹೇಳುವುದೇ ಸಾಮಾನ್ಯ. ಇನ್ನೊಂದು ಮಾತು ತಿಳಿದಿರಲಿ. 1994ರ ಟಾಟಾ ಸೆಲ್ಯುಲರ್ ತೀರ್ಪಿನಿಂದ ಇತ್ತೀಚಿನವರೆಗೆ ಸುಪ್ರೀಂ ಕೋರ್ಟ್ ಒಂದೇ ರೀತಿ ಹೇಳಿದೆ. ನಿರ್ಧಾರ ಸರಿಯೋ ತಪ್ಪೋ ಎಂದು ಕೋರ್ಟ್ ಮತ್ತೆ ತೂಗುವುದಿಲ್ಲ, ನಿರ್ಧಾರಕ್ಕೆ ಬಂದ ರೀತಿ ನ್ಯಾಯವಾಗಿತ್ತೇ ಎಂದಷ್ಟೇ ನೋಡುತ್ತದೆ. 2006ರ ಜಗದೀಶ್ ಮಂಡಲ್ ತೀರ್ಪು ಇದಕ್ಕೆ ಸಾರ್ವಜನಿಕ ಹಿತದ ಪ್ರಶ್ನೆಯನ್ನೂ ಸೇರಿಸಿತು. 38 ಲಕ್ಷದ ಟೆಂಡರ್‌ಗೆ, ಅನುಭವದ ಷರತ್ತು ನಿಮ್ಮ ವಿರುದ್ಧ ಇರುವಾಗ, ವಕೀಲರ ಫೀಸು ಮತ್ತು ತಿಂಗಳುಗಟ್ಟಲೆ ಓಡಾಟ ಸರಿಹೋಗುತ್ತದೆಯೇ? ಗೆದ್ದವರೂ ಅನರ್ಹರು ಎಂಬ ದಾಖಲೆ ನಿಮ್ಮ ಕೈಗೆ ಸಿಕ್ಕರೆ ಮಾತ್ರ ನಾನು ಹೋಗಿ ಅನ್ನುತ್ತೇನೆ.

ಗೆಳೆಯರ ಸಲಹೆ ಬಗ್ಗೆ

ಇದನ್ನು ಮಾಡಬೇಡಿ. ಸುತ್ತಿ ಬಳಸಿ ಹೇಳುವುದಿಲ್ಲ.

ನಮ್ಮ ಕಡೆ ಇದಕ್ಕೆ 'ಸಪೋರ್ಟ್ ಟೆಂಡರ್', 'ಡಮ್ಮಿ', 'ಪೂಲ್' ಅಂತೆಲ್ಲಾ ಮೃದುವಾದ ಹೆಸರಿದೆ. ಕಾನೂನಿನ ಕಣ್ಣಿನಲ್ಲಿ ಅದು ಬಿಡ್ ರಿಗ್ಗಿಂಗ್, ಅಂದರೆ ಒಳಗೊಳಗೇ ಮಾತಾಡಿಕೊಂಡು ಟೆಂಡರ್ ಕೆಡಿಸುವುದು. 2002ರ ಸ್ಪರ್ಧಾ ಕಾಯ್ದೆಯ 3ನೇ ಕಲಂ ಅದನ್ನು ನಿಷೇಧಿಸುತ್ತದೆ. ಕೂಟ ಕಟ್ಟಿ ದರ ಹಾಕಿದ್ದು ಸಾಬೀತಾದರೆ, ಅದು ನಡೆದ ಪ್ರತಿ ವರ್ಷಕ್ಕೆ ಲಾಭದ ಮೂರು ಪಟ್ಟು ಅಥವಾ ವಹಿವಾಟಿನ 10%, ಎರಡರಲ್ಲಿ ಯಾವುದು ಹೆಚ್ಚೋ ಅಲ್ಲಿಯವರೆಗೂ ದಂಡ ಹಾಕಬಹುದು. ಕಪ್ಪುಪಟ್ಟಿಗೆ ಹಾಕುವುದು ಬೇರೆ. ಒಂಬತ್ತು ಜನರ ಘಟಕ ಅದನ್ನು ತಾಳಿಕೊಳ್ಳುವುದಿಲ್ಲ.

ಗೊತ್ತಾಗುವುದಿಲ್ಲ ಅಂತ ನಿಮ್ಮ ಗೆಳೆಯರು ಅಂದುಕೊಂಡಿರಬಹುದು. ಗೊತ್ತಾಗುತ್ತದೆ. ಒಂದೇ ಕಂಪ್ಯೂಟರ್‌ನಿಂದ ಮೂರು ಟೆಂಡರ್ ಅಪ್‌ಲೋಡ್ ಆಗಿದ್ದು, ಮೂವರ ಇ.ಎಂ.ಡಿ. ಒಂದೇ ಖಾತೆಯಿಂದ ಹೋಗಿದ್ದು, ಮೂರು ಪತ್ರಗಳಲ್ಲೂ ಒಂದೇ ಕಾಗುಣಿತ ತಪ್ಪು ಇದ್ದದ್ದು, ಇವೆಲ್ಲ ನನ್ನ ಮೇಜಿನ ಮೇಲೇ ಬಂದಿವೆ. ಹಾಗೆ ಸಿಕ್ಕಿಬಿದ್ದವರಲ್ಲಿ ದೊಡ್ಡ ಕಳ್ಳರು ಕಡಿಮೆ. ನಿಮ್ಮಂತೆ ಒಂದೆರಡು ಸಲ ಸೋತು ಬೇಸತ್ತವರೇ ಜಾಸ್ತಿ ಇದ್ದರು. ಅದು ನನಗೆ ಈಗಲೂ ನೋವಿನ ನೆನಪು.

ಸೇರಿ ಮಾಡಲು ನೇರವಾದ ದಾರಿ ಇದೆ. ಟೆಂಡರ್ ದಾಖಲೆ ಜಂಟಿ ಉದ್ಯಮಕ್ಕೆ ಅವಕಾಶ ಕೊಟ್ಟಿದ್ದರೆ, ಇಬ್ಬರು ಒಪ್ಪಂದ ಮಾಡಿಕೊಂಡು ಒಂದೇ ಟೆಂಡರ್ ಹಾಕಬಹುದು, ಇಬ್ಬರ ಅನುಭವವನ್ನೂ ತೋರಿಸಬಹುದು. ಅವಕಾಶ ಇಲ್ಲದಿದ್ದರೆ, ಟೆಂಡರ್ ತೆರೆಯುವ ಮೊದಲಿನ ಆ ಕಿಟಕಿಯಲ್ಲಿ ಕೇಳಿ.

ನಿಮ್ಮ ದರದ ಬಗ್ಗೆ ಒಂದು ಮಾತು

ನೀವು ಕೇಳಿಲ್ಲ, ಆದರೂ ಹೇಳಬೇಕು. ಅಂದಾಜಿಗಿಂತ 17% ಕಡಿಮೆಗೆ ಹಾಕಿದ್ದೀರಿ. ಗೆದ್ದಿದ್ದರೆ ನಿಭಾಯಿಸುತ್ತಿದ್ದಿರಾ? ಬಿಲ್ ಆರು ತಿಂಗಳು ತಡವಾದರೆ, 12% ಬಡ್ಡಿಯ ಸಾಲದ ಮೇಲೆ 31.4 ಲಕ್ಷಕ್ಕೆ ಸುಮಾರು 1.88 ಲಕ್ಷ ಬಡ್ಡಿಯೇ ಆಗುತ್ತದೆ. ಒಪ್ಪಂದದ ಮೊತ್ತ 2.5 ಲಕ್ಷ ದಾಟಿದರೆ ಸರ್ಕಾರಿ ಕಚೇರಿ ಬಿಲ್‌ನಲ್ಲಿ 2% ಜಿ.ಎಸ್.ಟಿ. ಟಿ.ಡಿ.ಎಸ್. ಹಿಡಿಯುತ್ತದೆ. ಅದು ನಿಮ್ಮ ಜಿ.ಎಸ್.ಟಿ. ಲೆಡ್ಜರ್‌ಗೆ ಜಮಾ ಆಗುತ್ತದೆ ನಿಜ, ಆದರೆ ಕೈಯಲ್ಲಿ ನಗದು ಇರುವುದಿಲ್ಲ. ಭದ್ರತಾ ಠೇವಣಿ ಬೇರೆ. ಗೆದ್ದ ಮೇಲೆ ಪೂರೈಸಲಾಗದೆ ಹಿಂದೆ ಸರಿದರೆ ಇ.ಎಂ.ಡಿ. ಮುಟ್ಟುಗೋಲು. ಕೂಲಿ, ಕಬ್ಬಿಣದ ಪೈಪಿನ ಬೆಲೆ, ಸಾಗಣೆಯ ಜೊತೆ ಈ ತಡದ ಖರ್ಚನ್ನೂ ದರದಲ್ಲಿ ಸೇರಿಸಿ.

ಹಣ ತಡವಾದರೆ ನಿಮಗೆ ಒಂದು ರಕ್ಷಣೆ ಇದೆ. 2006ರ ಎಂ.ಎಸ್.ಎಂ.ಇ.ಡಿ. ಕಾಯ್ದೆ ಪ್ರಕಾರ ಅತಿ ಸಣ್ಣ, ಸಣ್ಣ ಉದ್ಯಮದಿಂದ ಕೊಂಡವರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸರ್ಕಾರಿ ಕಚೇರಿಯೂ ಇದಕ್ಕೆ ಹೊರತಲ್ಲ. ಇಂಥ ಬಾಕಿಯ ವಿವಾದ ನೋಡಲು ಅದೇ ಕಾಯ್ದೆಯಡಿ ಇರುವ ಸೌಲಭ್ಯ ಮಂಡಳಿಗೆ ದೂರು ಕೊಡಬಹುದು. ದೂರು ಕೊಟ್ಟರೆ ಮುಂದಿನ ಆದೇಶ ಸಿಗುವುದಿಲ್ಲ ಎಂಬ ಹೆದರಿಕೆ ಎಲ್ಲರಿಗೂ ಇದೆ, ಆ ಹೆದರಿಕೆ ಸುಳ್ಳೆಂದು ನಾನು ಹೇಳಲಾರೆ. ಮೊದಲು ಈ ಕಲಂ ಉಲ್ಲೇಖಿಸಿ ಒಂದು ಸೌಮ್ಯ ಪತ್ರ ಬರೆಯಿರಿ. ಎಷ್ಟೋ ಬಿಲ್‌ಗಳು ಆ ಪತ್ರಕ್ಕೇ ಅಲುಗಾಡುವುದನ್ನು ನೋಡಿದ್ದೇನೆ.

ಮುಂದಿನ ಆರು ತಿಂಗಳು

ಆಗ ಬಿಟ್ಟಿದ್ದ ಲಾಭದ ವಿಷಯಕ್ಕೆ ಬರುತ್ತೇನೆ. ನಿಮ್ಮ ನಿಜವಾದ ಕೊರತೆ ಒಂದೇ, 20 ಲಕ್ಷದ ಒಂದು ಆದೇಶ. ಅದನ್ನು ರಾಜ್ಯದ ಟೆಂಡರ್‌ನಲ್ಲೇ ಗಳಿಸಬೇಕೆಂದಿಲ್ಲ. ಕೇಂದ್ರ ಸರ್ಕಾರದ ಆನ್‌ಲೈನ್ ಖರೀದಿಯ ಜೆಮ್ ಪೋರ್ಟಲ್‌ನಲ್ಲಿ ತಯಾರಕರಾಗಿ ನೋಂದಾಯಿಸಿಕೊಳ್ಳಿ. ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿಯೇ ಇದೆ. ನವೋದಯ ವಿದ್ಯಾಲಯ, ಕೇಂದ್ರೀಯ ವಿದ್ಯಾಲಯಗಳಿಗೂ ಪೀಠೋಪಕರಣ ಬೇಕು. ಅಲ್ಲಿ ನಿಮ್ಮ ಉದ್ಯಮ್ ನೋಂದಣಿಗೆ ಬೆಲೆ ಇದೆ. 2012ರ ನೀತಿಯಡಿ ಇ.ಎಂ.ಡಿ. ವಿನಾಯಿತಿ. ವಾರ್ಷಿಕ ಖರೀದಿಯ ಕನಿಷ್ಠ 25% ಅತಿ ಸಣ್ಣ, ಸಣ್ಣ ಉದ್ಯಮಗಳಿಂದ. ಕಡಿಮೆ ದರ ದೊಡ್ಡ ಕಂಪನಿಯದಾಗಿದ್ದು ನಿಮ್ಮ ದರ ಅದಕ್ಕಿಂತ 15%ರ ಒಳಗಿದ್ದರೆ, ಅವರ ದರಕ್ಕೆ ಇಳಿದು ಕನಿಷ್ಠ ಕಾಲು ಭಾಗ ಪೂರೈಸುವ ಅವಕಾಶ. ಗುಣಮಟ್ಟಕ್ಕೆ ಧಕ್ಕೆ ಬರದಂತೆ ಹಿಂದಿನ ಅನುಭವ, ವಹಿವಾಟಿನ ಷರತ್ತನ್ನು ಸಡಿಲಿಸಲೂ ಕೇಂದ್ರದ ಖರೀದಿಯಲ್ಲಿ ಅವಕಾಶ ಇದೆ. ಸಡಿಲಿಸಲೇಬೇಕು ಎಂದೇನಿಲ್ಲ, ಪ್ರತಿ ಬಿಡ್‌ನಲ್ಲೂ ಅದನ್ನು ಓದಿ ನೋಡಬೇಕು.

ರಾಜ್ಯದಲ್ಲಿ ಹಾಕುವಾಗ ಎರಡು ಕೆಲಸ ಮಾಡಿ. ರಾಜ್ಯದ ಟೆಂಡರ್ ತಾಣವಾದ ಕೆ.ಪಿ.ಪಿ.ಪಿ. ಪೋರ್ಟಲ್‌ನಲ್ಲಿ ಟೆಂಡರ್ ಪ್ರಕಟವಾದ ದಿನವೇ ದಾಖಲೆ ಇಳಿಸಿಕೊಂಡು ಅರ್ಹತೆಯ ಭಾಗ ಮೊದಲು ಓದಿ. ಇಂಗ್ಲಿಷ್ ತೊಡಕಾದರೆ ಜಿಲ್ಲಾ ಕೈಗಾರಿಕಾ ಕೇಂದ್ರದವರನ್ನು ಕೇಳಿ, ಊರಿನಲ್ಲಿ ತಿಳಿದ ಒಬ್ಬರಿಗೆ ಎರಡು ತಾಸಿನ ಫೀಸು ಕೊಟ್ಟು ಓದಿಸಿ. ಗಡುವು ತೀರಾ ಕಡಿಮೆ ಇದ್ದರೆ ಅದನ್ನೂ ಪ್ರಶ್ನಿಸಿ. ನಿಯಮದ ಅವಧಿಗಿಂತ ಕಡಿಮೆ ದಿನ ಕೊಡಬೇಕಾದರೆ ಟೆಂಡರ್ ಕರೆದವರಿಗಿಂತ ಮೇಲಿನ ಅಧಿಕಾರಿ ಕಾರಣ ಬರೆದು ಒಪ್ಪಬೇಕು. ಆ ಕಾರಣ ಏನೆಂದು ಕೇಳುವ ಹಕ್ಕು ನಿಮಗಿದೆ.

ಇನ್ನೊಂದು, ಅಪ್‌ಲೋಡ್ ಮಾಡುವ ಹಿಂದಿನ ದಿನ ನಿಮ್ಮ ಕಾಗದಗಳನ್ನು ಟೆಂಡರ್ ಹಾಕದ ಬೇರೆ ಯಾರಾದರೂ ಪರಿಶೀಲಿಸಲಿ. ಕಾಲೇಜಿಗೆ ಹೋಗುವ ಮಗಳೋ, ತಂಗಿಯೋ ಇದ್ದರೆ ಅವರ ಕೈಗೆ ಕೊಡಿ. ಷರತ್ತಿನ ಪಟ್ಟಿ ಒಂದು ಕೈಯಲ್ಲಿ, ನಿಮ್ಮ ದಾಖಲೆ ಇನ್ನೊಂದು ಕೈಯಲ್ಲಿ. ಇಲ್ಲದ ಯು.ಡಿ.ಐ.ಎನ್. ಅವರ ಕಣ್ಣಿಗೆ ಬೀಳುತ್ತದೆ. ನಾಲ್ಕು ರಾತ್ರಿ ನಿದ್ದೆಗೆಟ್ಟ ನಿಮ್ಮ ಕಣ್ಣಿಗೆ ಬೀಳುವುದಿಲ್ಲ.

ಕಚೇರಿಗೆ ಕೊಡುವ ಇವತ್ತಿನ ಪತ್ರದಲ್ಲಿ ಇನ್ನೊಂದು ಸಾಲು ಸೇರಿಸಿ: ಇ.ಎಂ.ಡಿ. ವಾಪಸ್ ಮಾಡಲು ಕೋರಿಕೆ. ಮೇಲ್ಮನವಿ ಹಾಕಲು ಅದು ಅಡ್ಡಿಯಾಗದಂತೆ, 'ನನ್ನ ಹಕ್ಕುಗಳನ್ನು ಬಿಟ್ಟುಕೊಡದೆ' ಎಂಬ ಮಾತನ್ನು ಜೊತೆಗೆ ಬರೆಯಿರಿ. ಆ ದುಡ್ಡು ಮುಂದಿನ ಟೆಂಡರ್‌ಗೆ ಬೇಕು.